ಬೀರಣ್ಣನ ಕಾಲಿಗಾಗಿ ಐದು ಕಿಲೋಮೀಟರು

ನಾರಾಯಣಖೇಡದ ಸ್ನೇಹ ಸೇವಾ ಬಳಗದಲ್ಲಿ ಮೂವರು ಸದಸ್ಯರಿದ್ದು, ಮೂವರೂ ಪದಾಧಿಕಾರಿಗಳಾಗಿರುತ್ತಾರೆ. ರಸಗೊಬ್ಬರದ ಅಂಗಡಿಯ ಶಿವರಾಜ ಅಧ್ಯಕ್ಷರು, ಫ್ಲೆಕ್ಸ್ ಮುದ್ರಿಸುವ ಭೀಮೇಶ ಕೋಶಾಧ್ಯಕ್ಷರು, ಖಾಸಗಿ ಶಾಲೆಯ ಶಿಕ್ಷಕಿ ಪೂರ್ಣಿಮಾ ಕಾರ್ಯದರ್ಶಿಗಳು. ಒಂದೇ ತರಗತಿಯಲ್ಲಿ ಓದಿದ ಈ ಗೆಳೆಯರು ಬಡವರಿಗೆ ಏನಾದರೂ ಮಾಡಬೇಕೆಂದು ಬಹಳ ದಿನದಿಂದ ಹವಣಿಸುತ್ತಿದ್ದರು. ತಕ್ಕ ಬಡವರು ಸಿಕ್ಕಿರಲಿಲ್ಲ.

ಆ ಕೊರತೆಯನ್ನು ಸಿರ್ಗಾಪುರ ಕಡೆಯ ಬೀರಣ್ಣ ನೀಗಿಸಿದ. ಕುರಿ ಹೊಡೆದುಕೊಂಡು ರಸ್ತೆ ದಾಟುವಾಗ ಲಾರಿ ಹಾದು ಅವನ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ನಲವತ್ತು ಕುರಿಗಳ ಹಿಂದೆ ಈಗ ಹೆಂಡತಿ ಬಾಲಮಣಿ ಒಬ್ಬಳೇ ಅಲೆಯುತ್ತಿದ್ದಳು. ಕೃತಕ ಕಾಲು ಸಿಕ್ಕರೆ ಬೀರಣ್ಣ ಮತ್ತೆ ಕುರಿ ಕಾಯಬಹುದಿತ್ತು. ಸಿಗದಿದ್ದರೆ ಕುರಿ ಮಾರುವುದೆಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು.

ಬಳಗ ತುರ್ತುಸಭೆ ಸೇರಿ, ಐದು ಕಿಲೋಮೀಟರಿನ ಸಹಾಯಾರ್ಥ ನಡಿಗೆಗೆ ನಿರ್ಣಯಿಸಿ ಪ್ರಕಟಣೆ ಹೊರಡಿಸಿತು. ಅದರ ನಾಲ್ಕನೇ ನಿಯಮ ಹೀಗಿತ್ತು: “ನಡಿಗೆ ಪೂರೈಸದವರು ಯಾವುದೇ ಸೌಲಭ್ಯಕ್ಕೆ ಅರ್ಹರಲ್ಲ. ಫಲಾನುಭವಿಯೂ ಇದಕ್ಕೆ ಹೊರತಲ್ಲ.”

ಬಾಲಮಣಿ ಗೊಬ್ಬರದ ಅಂಗಡಿಗೆ ಬಂದಳು.

“ಸಾವಕಾರ್ರೇ, ನಡಿಯಾಕ ಬರಲ್ಲಂತನೇ ಕಾಲು ಕೇಳಾಕ ಬಂದೀವಿ. ನಡದ್ರ ಕಾಲು ಕೊಡ್ತೀವಂದ್ರ ಹ್ಯಾಂಗ್ರಿ?”

“ನಿಯಮ ಎಲ್ಲಾರಿಗೂ ಒಂದೇ ಅದ, ಅಕ್ಕಾ,” ಎಂದರು ಶಿವರಾಜ. “ನಿನ್ನ ಗಂಡಗ ಬಿಟ್ರ, ನಾಳಿ ಎರಡು ಕಾಲಿನವ್ರು ಬಂದು ಜಗಳ ತೆಗೀತಾರ.”

ಪೂರ್ಣಿಮಾ ಅವರ ಮನಸ್ಸು ಕರಗಿತು. ಮಾನವೀಯ ನೆಲೆಯಲ್ಲಿ ಬೀರಣ್ಣನಿಗೆ ಅರ್ಧ ಗಂಟೆ ಮೊದಲೇ ಹೊರಡಲು ಅನುಮತಿ ದೊರೆಯಿತು.

ಊರ ತುಂಬ ಅರವತ್ತೆರಡು ಫ್ಲೆಕ್ಸ್ ಎದ್ದವು. ಒಂದರಲ್ಲಿ ಬೀರಣ್ಣನ ಫೋಟೊ ಇತ್ತು. ಜಾಗ ಸಾಲದೆ ಅದನ್ನು ಸೊಂಟದವರೆಗೆ ಮಾತ್ರ ಹಾಕಲಾಗಿತ್ತು.

ಐತವಾರ ಬೆಳಿಗ್ಗೆ ಬೀರಣ್ಣ ಎರಡು ಊರುಗೋಲಿನ ಮೇಲೆ ಹೊರಟ. ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದ ಬಾಲಮಣಿ. ಎರಡನೇ ಕಿಲೋಮೀಟರಿಗೆ ಕಂಕುಳ ಚರ್ಮ ಕಿತ್ತುಬಂತು. ಬೇಳೆ ಮಿಲ್ಲಿನ ಮುಂದೆ ಬೀರಣ್ಣ ಬಿದ್ದ. ಹಿಂದಿನಿಂದ ಬಂದ ಜನ ಸುತ್ತ ನಿಂತು ವಿಡಿಯೊ ಮಾಡಿದರು, ಕಣ್ಣೊರೆಸಿಕೊಂಡರು, ಬಳಗದ ಚಂದಾ ಡಬ್ಬಿಗೆ ನೋಟು ಹಾಕಿದರು. ಬಾಲಮಣಿ ಒಬ್ಬಳೇ ಅವನನ್ನು ಎತ್ತಿ ನಿಲ್ಲಿಸಿದಳು. ಅವನು ಕೊನೆ ಮುಟ್ಟುವ ಹೊತ್ತಿಗೆ ಉಪ್ಪಿಟ್ಟು ಮುಗಿದಿತ್ತು.

ಶಾಲು ಹೊದಿಸಿ ಶಿವರಾಜ ಮೈಕ್ ಹಿಡಿದರು: “ಬೀರಣ್ಣನವರು ಐದು ಕಿಲೋಮೀಟರು ನಡೆದಿದ್ದಾರೆ. ಇಷ್ಟು ನಡೆಯಬಲ್ಲವರಿಗೆ ಕೃತಕ ಕಾಲಿನ ಅಗತ್ಯವಿಲ್ಲವೆಂದು ಎಲ್ಲರೆದುರು ಸಾಬೀತಾಗಿದೆ. ಇದು ನಮ್ಮ ಬಳಗದ ಪ್ರಥಮ ಯಶಸ್ಸು.”

ಜೋರಾಗಿ ಚಪ್ಪಾಳೆ ಬಿತ್ತು. ಬೀರಣ್ಣನೂ ಊರುಗೋಲು ಕಂಕುಳಲ್ಲಿ ಒತ್ತಿ ಹಿಡಿದು ಚಪ್ಪಾಳೆ ತಟ್ಟಿದ.

“ಮತ್ತ ಡಬ್ಬಿದಾಗಿನ ರೊಕ್ಕ?” ಬಾಲಮಣಿ ಕೇಳಿದಳು.

“ಫ್ಲೆಕ್ಸಿಗಿ ಹೋತು, ಅಕ್ಕಾ,” ಎಂದರು ಭೀಮೇಶ. “ನಾನೇ ಮಾಡೀನಿ, ಅದಕ್ಕೇ ಕ್ವಾಲಿಟಿ ಛಲೋ ಅದ.”

ಮರುವಾರ ಕುರಿಗಳು ಮಾರಾಟವಾದವು.

ಬೀರಣ್ಣ ಬಿದ್ದ ವಿಡಿಯೊ ಊರೂರು ಸುತ್ತಿತು. ಜಹೀರಾಬಾದಿನ ಗೆಳೆಯರ ಸಂಘವೊಂದು ತನ್ನ ನೇತ್ರ ಶಿಬಿರದ ನಡಿಗೆಗೆ ಅವನನ್ನು ಕರೆಸಿತು. ಊಟ, ಬಸ್ ಖರ್ಚು, ಮುನ್ನೂರು ರೂಪಾಯಿ. ಅಲ್ಲಿ ಅವನು ಬೀಳದೆ ನಡೆದುಬಿಟ್ಟದ್ದರಿಂದ ಚಂದಾ ಕಡಿಮೆಯಾಯಿತು. ಮುಂದಿನ ಸಲ ಗಮನವಿಡುವಂತೆ ಸಂಘದವರು ವಿನಯದಿಂದ ಸೂಚಿಸಿದರು. ಬೀರಣ್ಣ ಮನೆಯಂಗಳದಲ್ಲಿ ಪೆಟ್ಟಾಗದಂತೆ ಬೀಳುವುದನ್ನು ಕಲಿಯತೊಡಗಿದ.

ಅದೇ ವಿಡಿಯೊ ನೋಡಿ ಹೈದರಾಬಾದಿನ ಡಾಕ್ಟರೊಬ್ಬರು ಸಿರ್ಗಾಪುರಕ್ಕೆ ಬಂದರು. ಮಾದರಿಯ ಕಾಲೊಂದನ್ನು ಅವನ ತೊಡೆಯ ಮೇಲಿಟ್ಟು, ಅಳತೆ ಕೊಟ್ಟರೆ ಸಾಕು, ಬಿಡಿಗಾಸೂ ಬೇಡ ಎಂದರು.

ಬೀರಣ್ಣ ಅದರ ಪಾದವನ್ನು ಬಹಳ ಹೊತ್ತು ಸವರಿದ. ಬಾಲಮಣಿ ಖಾಲಿ ಕುರಿಹಟ್ಟಿಯ ಕಡೆ ಮುಖ ತಿರುಗಿಸಿದಳು.

“ಛಲೋ ಅದರಿ, ಹಗುರ ಅದ,” ಎಂದ ಬೀರಣ್ಣ. “ಆದ್ರ ಈಗ ಬ್ಯಾಡ್ರಿ. ಇದು ಹಾಕ್ಕೊಂಡ್ರ ನನ್ನ ನೋಡಾಕ ಯಾರು ಬರ್ತಾರ? ಐತವಾರ ತಾಂಡೂರಾಗ ಪ್ರೋಗ್ರಾಂ ಅದ.”

ಡಾಕ್ಟರಿಗೂ ಅದು ನ್ಯಾಯವೆನಿಸಿತು. ಕಾಲನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ತಾಂಡೂರಿನ ನಡಿಗೆಗೆ ತಮ್ಮ ಹೆಸರನ್ನೂ ಬರೆಸಿ ಹೋದರು.