ನಾಲ್ಕು ರಾಟೆ, ಒಬ್ಬ ಮಾಲೀಕ

ಮೇಷ್ಟ್ರ ಮಹಡಿಯಿಂದ ಮಕ್ಕಳ ನಗು ಕೇಳಿಸಿದ್ದೇ ಎಲ್ಲ ರಗಳೆಗೂ ಮೂಲ.

ಏಳು ವರ್ಷದಿಂದ ಅಲ್ಲಿ ಭೌತಶಾಸ್ತ್ರದ ಮನೆಪಾಠ ನಡೆಯುತ್ತಿತ್ತು. ಒಂದು ದಿನವೂ ಯಾರೂ ನಕ್ಕಿರಲಿಲ್ಲ. ಮೇಷ್ಟ್ರು ಸೂತ್ರ ಬರೆಸುವುದು, ಮಕ್ಕಳು ಆಕಳಿಸುವುದು. ಕಡೆಗೆ ಹೆಂಡತಿಯೇ ಹೇಳಿಬಿಟ್ಟಿದ್ದಳು: "ನಿಮ್ಮ ಪಾಠ ಕೇಳ್ತಾ ಕೇಳ್ತಾ ನನಗೂ ಒಲೆ ಮುಂದೆ ತೂಕಡಿಕೆ ಬರುತ್ತೆ ಕಣ್ರೀ. ನಿನ್ನೆ ಹಾಲು ಉಕ್ಕಿಹೋಯ್ತು."

ಮಾತು ನಾಟಿತು. ಅಂದಿನಿಂದ ಬಲೂನು, ಕನ್ನಡಿ, ಅಡುಗೆಮನೆಯ ಸೌಟು ಎಲ್ಲವೂ ಪಾಠಕ್ಕೆ ಬಂದವು. ಒಂದು ತಿಂಗಳಲ್ಲಿ ಒಂಬತ್ತನೇ ತರಗತಿಯ ಮೂವರು ಹುಡುಗಿಯರೂ ಗಂಟೆಗೆ ಮೊದಲೇ ಬಂದು ಬಾಗಿಲು ತಟ್ಟತೊಡಗಿದರು. ಈ ಭಾನುವಾರ ವರಾಂಡದ ತೊಲೆಗೆ ಎರಡು, ಪುಸ್ತಕದ ಟ್ರಂಕಿಗೆ ಎರಡು, ಹೀಗೆ ನಾಲ್ಕು ರಾಟೆ ಕಟ್ಟಿ, ಟ್ರಂಕನ್ನು ಬೆರಳಲ್ಲೇ ಎಂಬಂತೆ ಎತ್ತಿ ಕಿಲಕಿಲ ನಕ್ಕರು.

ಕೆಳಗಿನಿಂದ ಮನೆ ಮಾಲೀಕರು ಧುಮುಗುಡುತ್ತಾ ಹತ್ತಿ ಬಂದರು.

"ಏನ್ರೀ ಇದು ಮೇಷ್ಟ್ರೇ, ಪಾಠಾನೋ ಸಂತೇನೋ? ಪೇಪರ್ ಓದೋಕಾಗ್ತಿಲ್ಲ."

"ರಾಟೆ ಪಾಠ ಸಾರ್. ಭಾರ ನಾಲ್ಕು ಪಾಲಾಗುತ್ತೆ, ಎಳೆಯೋರಿಗೆ ಬರೋದು ಒಂದೇ ಪಾಲು. ಬೇಕಾದ್ರೆ ಈ ಮಕ್ಕಳು ನಿಮ್ಮನ್ನೂ ಎತ್ತುತ್ತಾರೆ."

ಮಾಲೀಕರು ತಮ್ಮ ತೊಂಬತ್ತು ಕಿಲೋವನ್ನು ಮೇಲಿಂದ ಕೆಳಗೆ ನೋಡಿಕೊಂಡರು. "ಎತ್ತಿದ್ರೆ ಬಾಯಿ ಮುಚ್ಕೊಂಡು ಹೋಗ್ತೀನಿ. ಎತ್ತದಿದ್ರೆ ಟ್ಯೂಷನ್ ಬಂದ್. ಆಯ್ತಾ?"

ಮೇಷ್ಟ್ರು ಆಯ್ತು ಅಂದುಬಿಟ್ಟರು.

ಕುರ್ಚಿಯಲ್ಲಿ ಕೂರಿಸಿ ಹಗ್ಗ ಬಿಗಿದದ್ದಾಯಿತು. ಹುಡುಗಿಯರು ಎಳೆದರು. ಕುರ್ಚಿ ಮೊಳಕಾಲೆತ್ತರಕ್ಕೆ ಎದ್ದಿತು, ಸೊಂಟದೆತ್ತರಕ್ಕೆ ಎದ್ದಿತು. ಮಾಲೀಕರ ಮುಖ ಮೊದಲ ಸಲ ವಿಮಾನ ಹತ್ತಿದವರ ಹಾಗೆ ಅರಳಿತು. ಅಷ್ಟರಲ್ಲಿ ಹಗ್ಗ ರಾಟೆಯ ಗಾಲಿಯಿಂದ ಜಾರಿ ಪಕ್ಕದ ಸಂದಿಯಲ್ಲಿ ಸಿಕ್ಕಿಕೊಂಡಿತು. ಮಾಲೀಕರು ಮೇಲೂ ಇಲ್ಲ, ಕೆಳಗೂ ಇಲ್ಲ.

ಮೇಷ್ಟ್ರಿಗೆ ಕಲಿತದ್ದೆಲ್ಲ ಮರೆತುಹೋಯಿತು. ಹಗ್ಗ ಹಿಡಿದು ಜಗ್ಗಿದರು, ಬೆವರಿದರು, ಮತ್ತೆ ಜಗ್ಗಿದರು. ಗಲಾಟೆ ಕೇಳಿ ಪಕ್ಕದ ಮನೆಯ ಟೈಲರ್ ಕತ್ತರಿಯ ಸಮೇತ ಓಡಿಬಂದ.

"ಕತ್ತರಿಸಿಬಿಡ್ಲಾ ಸಾರ್? ಒಂದೇ ಏಟು."

"ನೀನು ಹೊಲಿದ ಪ್ಯಾಂಟೇ ಸಾಕಾಗಿದೆ ನಂಗೆ, ದೂರ ನಿಂತ್ಕೋ," ಅಂದರು ಮಾಲೀಕರು, ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಾ.

ಅವನ ಹಿಂದೆಯೇ ಬಂದವರು ಮೂವರಲ್ಲಿ ತೀರ ಕುಳ್ಳಗಿದ್ದ ಹುಡುಗಿಯ ತಾಯಿ. "ಪಾಠ ಕಲೀಲಿ ಅಂತ ಕಳಿಸಿದ್ರೆ ದೊಡ್ಡೋರನ್ನ ನೇತುಹಾಕ್ತೀರಾ? ನಡಿಯೇ ಮನೆಗೆ."

"ತಡಿಯಮ್ಮ," ಅಂದಳು ಹುಡುಗಿ. "ಸಾರ್, ಜಗ್ಗಬೇಡಿ, ಇನ್ನೂ ಬಿಗಿಯುತ್ತೆ. ಭಾರ ಹಗ್ಗದ ಮೇಲಿರೋವರೆಗೂ ಅದು ಬಿಡಲ್ಲ. ಮೇಜನ್ನ ಕುರ್ಚಿ ಕೆಳಗೆ ತಳ್ಳೋಣ, ಓನರ್ ಅಂಕಲ್ ಕಾಲೂರಿ ನಿಂತ್ಕೊಳ್ಳಲಿ."

ಮೇಜು ಬಂತು, ಕಾಲು ಊರಿತು, ಹಗ್ಗ ಸಡಿಲವಾಯಿತು. ಮಾಲೀಕರು ಮಾತಿಗೆ ತಪ್ಪದೆ ಬಾಯಿ ಮುಚ್ಚಿಕೊಂಡು ಕೆಳಗಿಳಿದು ಹೋದರು.

ತಾಯಿ ಬೆರಗಾಗಿ ಪುಸ್ತಕ ತೆರೆದು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಮೂವರೂ ಕಬ್ಬಿಣದ ಕಡಲೆಯನ್ನು ಹುರಿಗಡಲೆಯಂತೆ ಅಗಿದುಬಿಟ್ಟರು. ಮೇಷ್ಟ್ರು ಇನ್ನೂ ಮುಟ್ಟಿರದ ಅಧ್ಯಾಯಗಳಿಗೂ ಉತ್ತರ ಬಂತು. ಕುತೂಹಲ ತಡೆಯದೆ ತಾವೇ ಓದಿಕೊಂಡಿದ್ದರಂತೆ. ಮೇಷ್ಟ್ರ ಎದೆ ಉಬ್ಬಿತು.

ತಾಯಿ ಕೈ ಮುಗಿದರು. "ನಿಮ್ಮ ಉಪಕಾರ ಮರೆಯಲ್ಲ ಸಾರ್. ಇನ್ನು ಇವರೇ ಓದ್ಕೋತಾರಲ್ಲ, ಟ್ಯೂಷನ್ ಯಾಕೆ? ಉಳಿದಿಬ್ಬರ ಅಮ್ಮಂದಿರಿಗೂ ನಾನೇ ಹೇಳ್ತೀನಿ."

ಸಂಜೆ ಮೇಷ್ಟ್ರು ಖಾಲಿ ವರಾಂಡದಲ್ಲಿ ಕೂತಿದ್ದರು. ಬೇಸರವಿತ್ತು, ಆದರೆ ಆ ಹುಡುಗಿಯ ಮಾತು ನೆನಪಾದಾಗಲೆಲ್ಲ ತುಟಿಯಂಚಿನಲ್ಲಿ ನಗುವೂ ಇತ್ತು. ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ಮಾಲೀಕರು ಹೊಸ ನೋಟ್‌ಬುಕ್ ಹಿಡಿದು ಬಂದು, ಹುಡುಗಿಯರ ಜಾಗದಲ್ಲಿ ಕೂತರು.

"ಮೇಷ್ಟ್ರೇ, ಆಕಾಶ ಯಾಕೆ ನೀಲಿ ಅಂತ ಅರವತ್ತೆರಡು ವರ್ಷದಿಂದ ಯಾರನ್ನೂ ಕೇಳಿಲ್ಲ. ನಾಚಿಕೆ. ಹೇಳ್ಕೊಡ್ತೀರಾ?"

ಮೇಷ್ಟ್ರು ಸೀಮೆಸುಣ್ಣ ಕೈಗೆತ್ತಿಕೊಂಡರು.

"ಹೇಳ್ಕೊಡ್ತೀನಿ ಸಾರ್. ಆದ್ರೆ ದಯವಿಟ್ಟು ಅಷ್ಟು ಬೇಗ ಅರ್ಥ ಮಾಡ್ಕೋಬೇಡಿ."