ಟೈ ಕಟ್ಟಿಕೊಂಡು ಶೇಂಗಾ ಒಡೆದವನು

ನನ್ನ ತಂಗಿಯ ಮಗನ ಮುಖ ಸಪ್ಪಗೆ ಮಾಡಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು. ಆಂಧ್ರದ ಗಡಿಯ ನಮ್ಮ ಆದೋನಿಯ ಬಿಸಿಲು ಪ್ರಯತ್ನಪಟ್ಟು ಕೈಬಿಟ್ಟಿದೆ. ನಮ್ಮ ಓಣಿಯ ನಾಯಿಗಳು ಎರಡು ದಿನ ಬೊಗಳಿ, ಮೂರನೆಯ ದಿನ ಬಾಲ ಅಲ್ಲಾಡಿಸಿಕೊಂಡು ಅವನ ಹಿಂದೆಯೇ ಹೊರಟಿವೆ. ಹೋಗಲಿ, ನಮ್ಮ ಅವ್ವನ ಕೈಯಲ್ಲೂ ಆಗಲಿಲ್ಲ ಎಂದರೆ ನೀವೇ ಊಹಿಸಿ. ಆಕೆಯ ಒಂದು ನೋಟಕ್ಕೆ ನಮ್ಮ ಮನೆಯ ಅಳಿಯಂದಿರೆಲ್ಲ ಊಟ ಅರ್ಧಕ್ಕೆ ಬಿಟ್ಟು ಎದ್ದವರು!

ಹುಡುಗನಿಗೆ ಇಪ್ಪತ್ತರ ಆಸುಪಾಸು. ಏಪ್ರಿಲ್ ತಿಂಗಳಲ್ಲೂ ಬಿಳಿ ಅಂಗಿ, ಕೊರಳಿಗೆ ಟೈ, ಎದೆಯ ಮೇಲೆ ಕರಿ ಬಿಲ್ಲೆ. ಬಿಲ್ಲೆಯ ಮೇಲೆ ಹೆಸರಿನ ಮುಂದೆ ಎಲ್ಡರ್ ಎಂದು ಬರೆದಿದೆ. ಎಲ್ಡರ್ ಎಂದರೆ ಹಿರಿಯರು. ಮೀಸೆ ಬರಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿರುವ ಹಿರಿಯರು!

ಸಂಗತಿ ಏನೆಂದರೆ, ಹೈದರಾಬಾದಿನಲ್ಲಿರುವ ನನ್ನ ತಂಗಿ ಮತ್ತು ಅವಳ ಗಂಡ ಕೆಲವು ವರ್ಷಗಳ ಹಿಂದೆ ಮಾರ್ಮನ್ ಪಂಥಕ್ಕೆ ಸೇರಿದರು. ಆ ಪಂಥದ ಹುಡುಗರು ವಯಸ್ಸಿಗೆ ಬಂದ ಮೇಲೆ ಮನೆ, ಓದು ಎಲ್ಲ ಬಿಟ್ಟು ಎರಡು ವರ್ಷ ಮಿಷನರಿಯಾಗಿ ಸೇವೆಗೆ ಹೋಗುತ್ತಾರೆ. ಎಲ್ಲಿಗೆ ಹಾಕಿದರೆ ಅಲ್ಲಿಗೆ. ಇವನನ್ನು ಮೊದಲು ಬೇರೆಲ್ಲೋ ಹಾಕಿದ್ದರು, ಆಮೇಲೆ ನೋಡಿದರೆ ನಮ್ಮ ಆದೋನಿಗೇ ತಂದು ಬಿಟ್ಟರು. ಹಾಕಿದವರಿಗೆ ಇಲ್ಲಿ ಅವನ ಅಜ್ಜಿ ಇದ್ದಾಳೆಂಬುದು ಗೊತ್ತಿತ್ತೋ ಇಲ್ಲವೋ, ಆ ದೇವರೇ ಬಲ್ಲ. ನಮ್ಮ ಅವ್ವನೋ, ಮಗಳು ಮನೆದೇವರು ಉರುಕುಂದ ಈರಣ್ಣನನ್ನು ಬಿಟ್ಟಳೆಂದು ತಿಳಿದ ದಿನದಿಂದ ಅವಳ ಹೆಸರು ಎತ್ತಿಲ್ಲ. ಫೋನಿನಲ್ಲಿ ಅವಳ ದನಿ ಕೇಳಿದರೆ ಎದ್ದು ಹಿತ್ತಲಿಗೆ ಹೋಗುತ್ತಾಳೆ.

ಮೊದಲ ದಿನ ಬಂದವನು ಬಾಗಿಲಲ್ಲೇ ನಿಂತು ಹಲ್ಲು ಬಿಟ್ಟು ಹೇಳಿದ್ದು ಒಂದೇ ಮಾತು.

"ದೊಡ್ಡಮ್ಮ, ನಾ ಈ ಊರು ಬಿಡಾದ್ರೊಳಗ ಅಜ್ಜಿ ನಮ್ಮವ್ವನ ಕೂಡ ಒಂದ್ ಮಾತು ಆಡಬೇಕು."

ಅದಕ್ಕಿಂತ ತುಂಗಭದ್ರೆಯನ್ನು ನಮ್ಮ ಓಣಿಗೆ ತಿರುಗಿಸುವುದು ಸುಲಭ ಎಂದೆ. ಅವನು ಇನ್ನೂ ಜೋರಾಗಿ ನಕ್ಕ. ಒಳಗೆ ಕೋಣೆಯ ಬಾಗಿಲು ಧಡಾರೆಂದಿತು. ಅವ್ವನ ಸ್ವಾಗತ ಅದು.

ಇವನ ಜೊತೆಗೆ ಕೊಯಮತ್ತೂರಿನ ಇನ್ನೊಬ್ಬ ಹುಡುಗ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಇರುವಂತಿಲ್ಲ ಎಂಬುದು ಇವರ ಕಟ್ಟಳೆ. ಒಬ್ಬನಿಗೆ ಹಲ್ಲುನೋವೆಂದರೆ ಇಬ್ಬರೂ ದವಾಖಾನೆಯಲ್ಲಿ. ಒಬ್ಬನು ಕ್ಷೌರಕ್ಕೆ ಕೂತರೆ ಇನ್ನೊಬ್ಬ ಕನ್ನಡಿಯ ಪಕ್ಕ ನಿಂತು ಕತ್ತರಿಯನ್ನೇ ನೋಡುತ್ತಿರುತ್ತಾನೆ. ಕ್ಷೌರದವನಿಗೆ ಪಾಪ, ಕೈ ನಡುಗಲು ಹತ್ತಿತಂತೆ. ಕಡೆಗೆ ನನ್ನ ಯಜಮಾನರನ್ನು ಗುಟ್ಟಾಗಿ ಕೇಳಿದನಂತೆ, ಇವರಲ್ಲಿ ಕೈದಿ ಯಾರು, ಪೊಲೀಸ್ ಯಾರು ಎಂದು.

ಅಷ್ಟಾದರೆ ಪರವಾಗಿಲ್ಲ. ಟೈ ಕಟ್ಟಿದ ಇಬ್ಬರು ಬರುವುದನ್ನು ಕಂಡರೆ ನಮ್ಮ ಊರಿನ ಹೆಂಗಸರಿಗೆ ನೆನಪಾಗುವುದು ಸಾಲ ವಸೂಲಿಯವರು. ಇವರು ಓಣಿಗೆ ಕಾಲಿಟ್ಟರೆ ಸಾಕು, ಬಾಗಿಲುಗಳು ಸಾಲಾಗಿ ಮುಚ್ಚಿಕೊಳ್ಳುತ್ತಿದ್ದವು. ಇವರಾದರೋ ಕೇಳದವರ ಮುಂದೆ ಧರ್ಮದ ಮಾತೇ ಎತ್ತುವವರಲ್ಲ. ಏನಾದರೂ ಕೆಲಸ ಇದ್ದರೆ ಹೇಳಿ, ಮಾಡಿಕೊಡುತ್ತೇವೆ ಎನ್ನುವುದಷ್ಟೇ ಇವರ ಮಾತು. ಪುಕ್ಕಟೆ ಕೆಲಸ ಮಾಡುತ್ತೇವೆಂದು ಮನೆಮುಂದೆ ಬಂದು ನಿಲ್ಲುವವರನ್ನು ಯಾರು ನಂಬುತ್ತಾರೆ, ಹೇಳಿ? ಮೂಲೆಮನೆಯ ಮುದುಕಿ ಮಾತ್ರ ನೀರಿನ ಕೊಡ ಹೊರಿಸಿದಳು, ಆಮೇಲೆ ಕೊಡ ಎಣಿಸಿಕೊಂಡಳು.

ದೊಡ್ಡ ಸಂಕಟ ಬಂದದ್ದು ಚಹದಿಂದ. ಇವರು ಚಹ ಕುಡಿಯುವಂತಿಲ್ಲ, ಕಾಫಿಯೂ ಇಲ್ಲ. ನಮ್ಮ ಕಡೆ ಮನೆಗೆ ಬಂದವರು ಚಹ ಬೇಡವೆಂದರೆ ಅದು ಜಗಳದ ಮುನ್ನುಡಿ. ಆಲೂರಿನಲ್ಲಿ ನನ್ನ ಓರಗಿತ್ತಿಯ ಮನೆಗೆ ಹೋದಾಗ ಆಕೆ ತಂದ ಲೋಟಕ್ಕೆ ಇವರು ಕೈಮುಗಿದರು. ನಮ್ಮನಿ ಚಾ ನಿಮ್ಮ ಗಂಟಲಾಗ ಇಳಿಯಂಗಿಲ್ಲೇನು ಎಂದು ಆಕೆ ಸೆರಗು ಸಿಕ್ಕಿಸಿಕೊಂಡಳಂತೆ. ನಮ್ಮ ಹಿರಿಯರು ಹಿಂದೆ ಸರಿಯಲಿಲ್ಲ. ಚಹ ಬೇಡ, ಒಗ್ಗರಣೆ ಬಜ್ಜಿ ಇದ್ದರೆ ಕೊಡಿ ಎಂದರು. ಮಂಡಕ್ಕಿ ಒಗ್ಗರಣೆಯ ಬೋಗುಣಿ ಬರಿದಾಯಿತು, ಮೆಣಸಿನಕಾಯಿ ಬಜ್ಜಿ ಎರಡು ಸಲ ಕರಿಯಬೇಕಾಯಿತು. ಆಕೆಯ ಸಿಟ್ಟು ಇಳಿಯಿತು, ಎಣ್ಣೆಯ ಡಬ್ಬಿಯೂ ಇಳಿಯಿತು.

ಕಡೆಗೆ ಈ ಸಮಸ್ಯೆ ಬಿಡಿಸಿದವನು ನಮ್ಮ ಹಾಲಿನವನು. ಚಹ ಇಲ್ಲ, ಸಿನಿಮಾ ಇಲ್ಲ, ಹೆಣ್ಣುಮಕ್ಕಳ ಸಹವಾಸ ಇಲ್ಲ, ಬೆಳಗಿನ ಜಾವ ಏಳುತ್ತಾರೆ, ತಿಂಗಳಿಗೊಂದು ದಿನ ನೀರೂ ಮುಟ್ಟದೆ ಉಪವಾಸ. ಇದನ್ನೆಲ್ಲ ಕೇಳಿ ಅವನು, "ಅಯ್ಯೋ, ಮಾಲಿ ಹಾಕ್ಕೊಂಡಾರ ಬಿಡಕ್ಕಾ. ಎರಡು ವರ್ಷದ ಮಾಲಿ," ಎಂದು ತೀರ್ಪು ಕೊಟ್ಟ. ಇದು ಅಯ್ಯಪ್ಪನ ಮಾಲೆಯಲ್ಲ ಎಂದು ಹುಡುಗ ನಗುನಗುತ್ತಾ ಮನೆಮನೆಗೂ ವಿವರಿಸಿದ. ಕೇಳುವವರು ಯಾರು? ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು. ಸಾಲ ವಸೂಲಿಯವರು ಒಂದೇ ವಾರದಲ್ಲಿ ಸ್ವಾಮಿಗಳಾದರು!

ತೆರೆಯದೇ ಉಳಿದದ್ದು ನಮ್ಮ ಅವ್ವನ ಕೋಣೆಯ ಬಾಗಿಲು ಒಂದೇ. ಹುಡುಗನಿಗೆ ನೆಂಟರ ಮನೆಯಲ್ಲಿ ಸುಮ್ಮನೆ ಕೂತು ಹೊತ್ತು ಕಳೆಯುವಂತಿಲ್ಲ, ಕೆಲಸವಿದ್ದರೆ ಬರಬಹುದು. ಹಾಗಾಗಿ ದಿನಾ ಬಂದು ಕೆಲಸ ಕೇಳುತ್ತಿದ್ದ. ನೀರಿನ ತೊಟ್ಟಿ ತೊಳೆದ, ಅಟ್ಟ ಗುಡಿಸಿದ. ಮುಚ್ಚಿದ ಬಾಗಿಲಿನ ಎದುರು ನಿಂತು ಅಜ್ಜಿಗೆ ಅಂದಿನ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದ. ಸೋಮವಾರ ಇವರಿಗೆ ಬಿಡುವಿನ ದಿನ, ಬಟ್ಟೆ ಒಗೆದು ಮನೆಗೆ ಫೋನ್ ಮಾಡುವ ದಿನ. ಆವತ್ತು ಮಾತ್ರ ನಮ್ಮ ಪಡಸಾಲೆಗೇ ಬಂದು, ತಾಯಿಯ ದನಿ ಒಳಗೆ ಕೇಳುವಂತೆ ಫೋನ್ ಹಿಡಿಯುತ್ತಿದ್ದ. ಹಿತ್ತಲ ಬಾಗಿಲು ಕಿರ್ರೆನ್ನುತ್ತಿತ್ತು.

ಇವನನ್ನು ಓಡಿಸಲು ಅವ್ವ ಒಂದು ಉಪಾಯ ಹೂಡಿದಳು. ಬಿತ್ತನೆಗೆ ಇಟ್ಟ ಶೇಂಗಾದ ಚೀಲವನ್ನು ನನ್ನ ಕೈಯಿಂದ ಪಡಸಾಲೆಗೆ ಎಳೆಸಿದಳು. ಬೀಜದ ಶೇಂಗಾ ಮಷೀನಿಗೆ ಹಾಕಿದರೆ ಕಾಳು ಸೀಳುತ್ತದೆ, ಬೆರಳಿನಲ್ಲೇ ಒಡೆಯಬೇಕು. ಮುಳ್ಳು ತುಳಿದು ಬೆಳೆದ ನಮ್ಮ ಹೆಂಗಸರೇ ಸಂಜೆಗೆ ಹೆಬ್ಬೆರಳು ಊದಿಸಿಕೊಳ್ಳುತ್ತಾರೆ. ಹಿರಿಯರಿಬ್ಬರೂ ಕಟ್ಟಿದ ಟೈಯನ್ನು ಹೆಗಲ ಮೇಲೆ ಎಸೆದುಕೊಂಡು ಕೂತರು. ಎರಡನೆಯ ದಿನಕ್ಕೆ ಬೆರಳಿಗೆ ಪಟ್ಟಿ ಬಂತು. ಮೂರನೆಯ ದಿನ ಪಟ್ಟಿಯ ಮೇಲೆ ರಕ್ತ ಬಂತು. ಇವನು ಹಾಡು ಗುನುಗುತ್ತಲೇ ಇದ್ದ. ಆ ಹೊತ್ತಿಗೆ ವರ್ಗಾವಣೆಯ ಸುದ್ದಿಯೂ ಬಂದಿತ್ತು. ಮರುದಿನ ಬೆಳಿಗ್ಗೆ ಬೇರೆ ಊರಿಗೆ ಹೊರಡಬೇಕು. ಅದನ್ನೂ ನಗುತ್ತಲೇ ಹೇಳಿದ.

ನನಗೆ ತಡೆಯಲಾಗಲಿಲ್ಲ. ಅವನು ಕೈ ತೊಳೆಯಲು ನಲ್ಲಿಯ ಕಡೆ ಹೋದಾಗ, ಪಡಸಾಲೆಯಲ್ಲಿದ್ದ ಜೊತೆಗಾರನನ್ನು ಕೇಳಿಯೇಬಿಟ್ಟೆ. ಇವನಿಗೆ ದುಃಖ ಎಂಬುದೇ ಇಲ್ಲವೇನಪ್ಪ?

ಆ ಹುಡುಗ ಶೇಂಗಾದ ಮೇಲಿನ ಕಣ್ಣು ಎತ್ತದೆ, ತನ್ನ ಮುರುಕು ತೆಲುಗಿನಲ್ಲಿ ಹೇಳಿದ. ನಿಮ್ಮ ಓಣಿಯ ತಿರುವಿನಲ್ಲಿ ದಿನಾ ನಿಲ್ಲುತ್ತಾನೆ. ಕೆಲವು ದಿನ ಅಲ್ಲೇ ಅಳುತ್ತಾನೆ. ಮುಖ ಒರೆಸಿಕೊಂಡು ಪ್ರಾರ್ಥನೆ ಮಾಡಿ, ನಗು ಬರುವ ತನಕ ಕಾದು, ಆಮೇಲೆ ನಿಮ್ಮ ಬಾಗಿಲು ತಟ್ಟುತ್ತಾನೆ. ಹೊಸ ದಾರಿ ಹಿಡಿದ ಮಗಳ ಮಗ ದುಃಖದಲ್ಲಿದ್ದಾನೆ ಎಂದು ಅಜ್ಜಿಗೆ ಅನ್ನಿಸಬಾರದಂತೆ.

ಇಷ್ಟು ದಿನ ನಾನು ಓಣಿಗೆಲ್ಲ ಹೇಳಿಕೊಂಡು ತಿರುಗಿದ ಅವನ ನಗುವಿನ ಹಿಂದೆ ಇಷ್ಟೊಂದು ದುಡಿಮೆ ಇತ್ತೇ!

ಕೋಣೆಯ ಚಿಲಕ ಸರಿಯಿತು. ಅವ್ವ ಹೊರಗೆ ಬಂದಳು. ನಲ್ಲಿಯಿಂದ ಮರಳಿದ ಮೊಮ್ಮಗನ ಒದ್ದೆ ಕೈ ಹಿಡಿದು, ಬೆರಳಿನ ಪಟ್ಟಿ ಬಿಚ್ಚಿ, ಸೀಳಿದ ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

"ನಿಮ್ಮವ್ವಗ ಫೋನ್ ಹಚ್ಚು," ಎಂದಳು.

ಆವತ್ತು ಸೋಮವಾರವಲ್ಲ. ಅವಸರಕ್ಕೆ ಅವನು ತಪ್ಪು ನಂಬರು ಒತ್ತಿ, ಅಳಿಸಿ, ಮತ್ತೆ ಒತ್ತಿದ. ಆ ಕಡೆಯಿಂದ ನನ್ನ ತಂಗಿ ಗಾಬರಿಯಾಗಿ ಹಲೋ ಎಂದಳು. ಅವ್ವ ಫೋನನ್ನು ಬಾಯಿಯ ಹತ್ತಿರ ತಂದಳು.

"ಇಲ್ಲಿ ಬೀಜದ ಶೇಂಗಾ ಇನ್ನಾ ಅರ್ಧ ಚೀಲ ಉಳದೈತಿ," ಎಂದಳು. "ನಿನ್ನ ಮಗನ ಬೆರಳಿಗೆ ಆಗಂಗಿಲ್ಲ. ನೀನ ಬಂದು ಒಡಿ."