ಮಾವನ ಮಂಚದ ಪಕ್ಕದ ಬ್ಯಾಟರಿ

ನಮ್ಮ ಮಾವ ಮುನಿರಾಮಯ್ಯನವರ ಮೇಲೆ ನನಗೆ ಸಿಟ್ಟಿದೆ. ಅವರು ತೀರಿಕೊಂಡು ವರ್ಷವಾಗುತ್ತಾ ಬಂತು, ಸಿಟ್ಟಿಗೆ ಮಾತ್ರ ಇನ್ನೂ ತಿಥಿ ಆಗಿಲ್ಲ. ನನ್ನ ಮಗಳ ನಾಮಕರಣದ ದಿನ, ಎಲೆ ಮುಂದೆ ಕೂತಿದ್ದ ನೆಂಟರೆಲ್ಲರ ಎದುರು ಅವರು ಹೇಳಿದ್ದು ಇಷ್ಟೇ: "ನಮ್ ಅಳಿಯಂದ್ರು ಸತ್ತ ಬ್ಯಾಟ್ರಿಗೆ ಪೌಡ್ರು ಹಚ್ಚಿ ಮಾರ್ತಾರೆ." ಪಾಯಸ ಬಡಿಸುತ್ತಿದ್ದವನೂ ನಕ್ಕ. (ನನ್ನ ಎಲೆಗೆ ಅವನು ಎರಡನೇ ಸಲ ಬರಲೂ ಇಲ್ಲ.)

ಕಾಮಾಕ್ಷಿಪಾಳ್ಯದಲ್ಲಿ ನನ್ನದು ಹಳೆ ಬ್ಯಾಟರಿ ಅಂಗಡಿ. ಆಟೋದ್ದು, ಯುಪಿಎಸ್‌ನದು, ಯಾರೋ ಬೇಡವೆಂದದ್ದು ಎಲ್ಲ ತರುತ್ತೇನೆ. ಜೀವ ಇದ್ದದ್ದನ್ನು ಮಾರುತ್ತೇನೆ, ಇಲ್ಲದ್ದು ಗುಜರಿಗೆ. ಶಾಲೆಗೂ ನನಗೂ ಏಳನೇ ಕ್ಲಾಸಿನಲ್ಲೇ ಜಗಳವಾಯಿತು. ಆದರೂ ಈ ವಿದ್ಯೆಯಲ್ಲಿ ನನಗೊಂದು ಶಾಸ್ತ್ರವಿದೆ: ಚಾರ್ಜಿನಿಂದ ಈಗಷ್ಟೇ ಇಳಿಸಿದ ಬ್ಯಾಟರಿಯನ್ನು ನಂಬಬಾರದು. ಆಗ ಅದು ಹೊಸ ಅಳಿಯನಿದ್ದ ಹಾಗೆ, ಏನು ಕೇಳಿದರೂ ಹೂಂ ಅನ್ನುತ್ತದೆ. ಒಂದು ರಾತ್ರಿ ಸುಮ್ಮನೆ ಇಟ್ಟು, ಮಾರನೇ ದಿನ ಬಲ್ಬು ಹಚ್ಚಿ, ಲೋಡ್ ಕೊಟ್ಟು ನೋಡಬೇಕು. ಮೀಟರಿನ ಮುಳ್ಳು ನಿಂತರೆ ಬ್ಯಾಟರಿ, ಬಿದ್ದರೆ ಗುಜರಿ.

ಮಾವನ ಶ್ವಾಸಕೋಶ ಕೆಟ್ಟಿತು. ಮೂಗಿಗೆ ಪೈಪು, ಮಂಚದ ಪಕ್ಕ ಆಕ್ಸಿಜನ್ ಮಷಿನ್. ಕರೆಂಟ್ ಹೋದರೆ ಮಷಿನ್ ನಿಲ್ಲುತ್ತದೆ. ಮಷಿನ್ ನಿಂತರೆ ಮಾವ. ಶ್ರೀಗಂಧದ ಕಾವಲಿನ ಅವರ ಮನೆಗೆ ಯುಪಿಎಸ್ ಹಾಕಿಸುವುದೆಂದು ತೀರ್ಮಾನವಾಯಿತು.

"ಹೊಸಾ ಬ್ಯಾಟ್ರಿ ಹಾಕ್ಸಿ," ಮಾವ ಉಸಿರೆಳೆದುಕೊಂಡು ಹೇಳಿದರು. "ಆ ಅಂಗಡೀದು ಬೇಡ."

"ಯಾವ ಅಂಗಡೀದು ಮಾವ?"

"ನಿಮ್ದು ಅಂತ ಅಂದ್ನಾ ನಾನು?"

"ಸುಮ್ನಿರ್ರೀ," ಅಂದಳು ನನ್ನ ಹೆಂಡತಿ ಕಲಾ. "ಅವ್ರ ಉಸಿರಿನ ವಿಷ್ಯ."

"ನನ್ ಮರ್ಯಾದೆ ವಿಷ್ಯನೂ ಹೌದು ಕಣೇ."

"ನಿಮ್ ಮರ್ಯಾದೆ ಕರೆಂಟಿಲ್ದೆ ಬದುಕ್ಕೊಳ್ಳತ್ತೆ."

ನಾನು ನೇರ ಅಂಗಡಿಗೆ ಹೋದೆ. ಇದ್ದದ್ದರಲ್ಲೇ ದೊಡ್ಡ ಬ್ಯಾಟರಿಯನ್ನು ಚಾರ್ಜಿನಿಂದ ಕಿತ್ತು, ಬಿಸಿ ಆರುವ ಮೊದಲೇ ಆಟೋಗೆ ಹಾಕಿಕೊಂಡು ಬಂದೆ. ಮಂಚದ ಎದುರೇ ಪರೀಕ್ಷೆ. ಕಾರಿನ ಹೆಡ್‌ಲೈಟ್ ಬಲ್ಬು ಹಚ್ಚಿ ಮಾವನ ಮುಖಕ್ಕೆ ಹಿಡಿದೆ. ಮುಳ್ಳು ಕದಲಲಿಲ್ಲ.

"ಆರ್ಸಪ್ಪ," ಅಂದರು ಮಾವ. "ಕೆಟ್ಟಿರೋದು ಉಸಿರು, ಕಣ್ಣಲ್ಲ."

ಬ್ಯಾಟರಿಗೆ ಒಂದು ರಾತ್ರಿ ವಿಶ್ರಾಂತಿ ಕೊಡಬೇಕಿತ್ತು. ಸಿಟ್ಟು ಅಷ್ಟು ಹೊತ್ತು ಕಾಯುವ ಪ್ರಾಣಿಯಲ್ಲ. ಬ್ಯಾಟರಿಯನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂರಿಸಿ, ಯುಪಿಎಸ್‌ಗೆ ಜೋಡಿಸಿ, ಮುಚ್ಚಳ ಹಾಕಿ, ಕುಂಕುಮವಿಟ್ಟು, ದಿಗ್ವಿಜಯ ಮುಗಿಸಿದವನಂತೆ ಮನೆಗೆ ಬಂದೆ. ಅಪ್ಪನನ್ನು ನೋಡಿಕೊಳ್ಳಲು ಕಲಾ ಅಲ್ಲೇ ಉಳಿದಳು.

ಮಳೆಗಾಲದಲ್ಲಿ ಒಂದು ಭಾನುವಾರ ತಂತಿ ಮೇಲೆ ಮರ ಬಿದ್ದು ಬೆಳಗ್ಗೆಯೆಲ್ಲ ಕರೆಂಟಿಲ್ಲ. ನಾನೂ ಅಲ್ಲಿದ್ದೆ. ಮಷಿನ್ ಒಂದೇ ಸಮ ಗುರುಗುಟ್ಟುತ್ತಿತ್ತು. ಮಂಚದ ಪಕ್ಕ ಕಸೂತಿ ಬಟ್ಟೆ ಹೊದಿಸಿದ ಹೊಸದೊಂದು ಪೀಠವಿತ್ತು. ಅದರ ಮೇಲೆ ಆಸೀನನಾಗಿ ಭಾಷಣ ಶುರುಮಾಡಿದೆ. ಹಳೇದೆಂದು ಹೀಗಳೆಯುವವರ ಬಗ್ಗೆ, ಎಲೆ ಮುಂದೆ ಮಾನ ತೆಗೆಯುವವರ ಬಗ್ಗೆ. ನಡುನಡುವೆ ಪೀಠವನ್ನು ಪಟಪಟ ತಟ್ಟಿದೆ. ಪಕ್ಕದ ಮನೆಯವರನ್ನೂ ಕರೆದು ಮಷಿನ್ನಿನ ಸದ್ದು ಕೇಳಿಸಿದೆ.

ಕೊನೆಗೆ ಮಾವ ಮಲಗಿದ್ದಲ್ಲಿಂದಲೇ ಎರಡೂ ಕೈ ಜೋಡಿಸಿದರು.

"ತಪ್ಪಾಯ್ತು ಕಣಪ್ಪ ಮಾದೇವ. ಅವತ್ತು ಎಲೆ ಮುಂದೆ ಹಂಗನ್ಬಾರ್ದಿತ್ತು."

"ಹೋಗ್ಲಿ ಬಿಡಿ," ಅಂದೆ, ಸಾಮಂತನನ್ನು ಕ್ಷಮಿಸುವ ಚಕ್ರವರ್ತಿಯ ಧಾಟಿಯಲ್ಲಿ. ಕಲಾ ಸರ್ರನೆ ಅಡುಗೆಮನೆಗೆ ಹೋದಳು. ಆನಂದಬಾಷ್ಪ ಅಂದುಕೊಂಡೆ.

ದೀಪಾವಳಿ ಕಳೆಯುತ್ತಿದ್ದಂತೆ ಮಾವ ಹೋದರು. ಕರೆಂಟ್ ಇತ್ತು, ಮಷಿನ್ನೂ ಓಡುತ್ತಿತ್ತು. ಎಳೆದುಕೊಳ್ಳಲು ಅವರಲ್ಲೇ ಶಕ್ತಿ ಇರಲಿಲ್ಲ. ತಿಥಿ ಮುಗಿದ ಮೇಲೆ ಬ್ಯಾಟರಿಯನ್ನು ಪೆಟ್ಟಿಗೆ ಸಮೇತ ಅಂಗಡಿಗೆ ತಂದೆ. ಹೆಸರು ತಂದ ಬ್ಯಾಟರಿ, ಗಿರಾಕಿಗಳಿಗೆ ತೋರಿಸೋಣವೆಂದು ಮುಚ್ಚಳ ತೆಗೆದರೆ ಒಳಗೆ ಹೊಚ್ಚ ಹೊಸದೊಂದು ಕೂತಿದೆ. ಮೇಲೆ ನನ್ನ ಎದುರು ಅಂಗಡಿಯವನ ಸ್ಟಿಕ್ಕರ್.

ಮನೆಗೆ ಹೋಗಿ ಕೂಗಾಡಿದೆ. "ನನ್ ಬ್ಯಾಟ್ರಿ ಎಲ್ಲೇ?"

ಕಲಾ ಅಕ್ಕಿ ಆರಿಸುತ್ತಾ ತಲೆಯೆತ್ತದೆ ಕೇಳಿದಳು. "ಅವತ್ತು ಭಾಷಣ ಮಾಡ್ದಾಗ ಎಲ್ಲಿ ಕೂತಿದ್ರಿ?"

ನನಗೆ ಕಸೂತಿ ಬಟ್ಟೆ ನೆನಪಾಯಿತು.

"ನೀವು ಹಾಕಿ ಹೋದ ಮಾರನೇ ದಿನವೇ ಕರೆಂಟ್ ಹೋಯ್ತು. ಒಲೆ ಮೇಲಿದ್ದ ಹಾಲು ಉಕ್ಕೋ ಮುಂಚೆ ಮಷಿನ್ ನಿಂತೋಯ್ತು. ಅಪ್ಪನ ತುಟಿ ನೇರಳೆ ಹಣ್ಣಿನ ಥರ ಆಗೋಯ್ತು. ನಾನು ರಟ್ಟು ತಗೊಂಡು ಗಾಳಿ ಬೀಸ್ತಾ ಇದೀನಿ, ಅದ್ರಿಂದ ಏನಾಗತ್ತೆ ಹೇಳಿ. ಪುಣ್ಯಕ್ಕೆ ಕರೆಂಟ್ ಬಂತು. ಮಾತು ಬಂದ ತಕ್ಷಣ ಏನಂದ್ರು ಗೊತ್ತಾ? 'ಹೊಸ್ದು ಹಾಕ್ಸು. ಅವ್ನಿಗೆ ಹೇಳ್ಬೇಡ, ಕುಸಿದು ಹೋಗ್ತಾನೆ' ಅಂದ್ರು."

"ಅಂದ್ರೆ, ನನಗೆ ಕೈ ಮುಗಿದಾಗ ಅವ್ರಿಗೆ..."

"ಗೊತ್ತಿತ್ತು."

"ಮತ್ತೆ ಯಾಕೇ ಮುಗಿದ್ರು?"

"ಇನ್ನೇನ್ ಮಾಡ್ಬೇಕಿತ್ತು? ಇದ್ದಷ್ಟು ಉಸಿರಲ್ಲಿ ನಿಮ್ ಭಾಷಣ ನಿಲ್ಲಿಸ್ಬೇಕಿತ್ತಲ್ಲ."

ಈಗ ಆ ಹಳೆ ಬ್ಯಾಟರಿ ನನ್ನ ಅಂಗಡಿಯ ಮೂಲೆಯಲ್ಲಿದೆ. ಗುಜರಿಯವನು ಕೇಳಿದರೆ ಬೈದು ಕಳಿಸುತ್ತೇನೆ. ಅದರ ಮೇಲೆ ಯಾರನ್ನೂ ಕೂರಲು ಬಿಡುವುದಿಲ್ಲ. ಮಾವನ ಫೋಟೋ ಮುಂದೆ ನಿಂತರೆ ಮೊದಲು ಬರುವುದು ಸಿಟ್ಟೇ: ಮಷಿನ್ ನಿಂತ ದಿನವೇ ಬೈದು ಮುಗಿಸಬಾರದಿತ್ತೇ ಈ ಮನುಷ್ಯ? ಎಲೆ ಮುಂದೆ ಅಂದದ್ದು ನಿಜವೇ ಆಗಿತ್ತು. ಅದಕ್ಕೆ ಅವರು ಕೇಳಿದ ಕ್ಷಮೆ ನನ್ನ ಹತ್ತಿರವೇ ಉಳಿದಿದೆ. ಹಿಂದಿರುಗಿಸೋಣವೆಂದರೆ, ಫೋಟೋದವರು ಕೈ ಚಾಚುವುದಿಲ್ಲ.